ನನ್ನ ನಂಬರಿನಲ್ಲಿ ಬಿದ್ದ ಕೋಡ್

ಮೂವತ್ತೊಂದು ವರ್ಷ ಜನರ ಕಾಯಿಲೆಗಳಿಗೆ ನಂಬರ್ ಕೊಟ್ಟವಳು ನಾನು. ಜ್ವರಕ್ಕೊಂದು, ಮುರಿದ ಮೂಳೆಗೊಂದು, ಏಣಿಯ ಮೇಲಿಂದ ಮನುಷ್ಯ ಬಿದ್ದರೆ ಒಂದು, ಮನುಷ್ಯನ ಮೇಲೆ ಏಣಿ ಬಿದ್ದರೆ ಇನ್ನೊಂದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ರೆಕಾರ್ಡ್ ರೂಮು. ಅಲ್ಲಿ ಕೂತು ಡಾಕ್ಟರುಗಳು ಗೀಚಿದ್ದನ್ನು ಓದುವುದು, ದಪ್ಪ ಪುಸ್ತಕದಲ್ಲಿ ಹುಡುಕುವುದು, ಫೈಲಿನ ಮೊದಲ ಹಾಳೆಯಲ್ಲಿ ಕೋಡ್ ಬರೆಯುವುದು. ಆಮೇಲೆ ಪುಸ್ತಕ ಹೋಗಿ ಕಂಪ್ಯೂಟರ್ ಬಂತು, ಬೆರಳಿನ ಮಸಿ ಹೋಗಿ ಬೆನ್ನುನೋವು ಬಂತು. ಅದಕ್ಕೂ ಒಂದು ಕೋಡಿದೆ, ಎಂ ಐವತ್ತನಾಲ್ಕು. ಎಲ್ಲರೂ ನನ್ನನ್ನು ನಂಬರಮ್ಮ ಎನ್ನುತ್ತಿದ್ದರು. ಹಿಂದಿನಿಂದ ಬೇರೆ ಏನೋ ಅನ್ನುತ್ತಿದ್ದರು, ಅದನ್ನು ಬಿಡಿ.

ನಿವೃತ್ತಿಯಾಗಿ ಎಂಟು ತಿಂಗಳಾದ ಮೇಲೆ ಒಂದು ಮಂಗಳವಾರ ನನ್ನ ತಂಗಿ ಫೋನ್ ಮಾಡಿದಳು.

"ಅಕ್ಕಾ, ಸ್ವಲ್ಪ ಬಾರೇ."

"ಯಾಕೆ, ಏನಾಯ್ತು?"

"ಫೋನಲ್ಲಿ ಹೇಳೋ ಅಂಥದ್ದಲ್ಲ."

ಪಕ್ಕದ ಮನೆಯವರ ಹೊಟ್ಟೆ ಉಬ್ಬರವನ್ನೂ ಫೋನಿನಲ್ಲಿ ಅರ್ಧ ಗಂಟೆ ವರ್ಣಿಸುವವಳು ಇವಳು. ಹೇಳುವಂಥದ್ದಲ್ಲ ಎಂದರೆ ಯಾರೋ ಸತ್ತಿರಬೇಕು ಅಂದುಕೊಂಡು ಚಪ್ಪಲಿ ಮೆಟ್ಟಿ ಹೊರಟೆ.

ಯಾರೂ ಸತ್ತಿರಲಿಲ್ಲ. ಆದರೆ ನಡು ಮಧ್ಯಾಹ್ನ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ತಂಗಿಯ ಗಂಡ ಒಳಗಿನ ಕೋಣೆಯಲ್ಲಿ ಒಂದು ಸ್ಟೂಲಿನ ಕಾಲಿಗೆ ಮರಳು ಕಾಗದ ಉಜ್ಜುತ್ತಾ ಕೂತಿದ್ದರು. ಅವರು ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುವವರು. ಇಪ್ಪತ್ತಾರು ವರ್ಷದ ಸರ್ವೀಸು. ಮನೆಯಲ್ಲಿ ನಾವೂ ಅವರನ್ನು ಮೇಷ್ಟ್ರು ಎಂದೇ ಕರೆಯುವುದು. ಅವರ ಮನೆಯ ಯಾವ ಕುರ್ಚಿಯೂ ಅಲ್ಲಾಡುವುದಿಲ್ಲ, ಯಾವ ಡ್ರಾಯರೂ ಸಿಕ್ಕಿಕೊಳ್ಳುವುದಿಲ್ಲ. ಅವರೂ ಹಾಗೆಯೇ. ಜೋರಾಗಿ ಒಂದು ಮಾತು ಆಡಿದ್ದು ನಾನು ಕೇಳಿಲ್ಲ. ಆ ದಿನ ಅವರು ಉಜ್ಜುತ್ತಿದ್ದ ಸ್ಟೂಲಿನ ಕಾಲು ಆಗಲೇ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೂ ಉಜ್ಜುತ್ತಲೇ ಇದ್ದರು.

ತಂಗಿ ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆಯನ್ನು ಮಗುಚಿ ಇಟ್ಟು ನನ್ನ ಕಡೆ ತಳ್ಳಿದಳು.

"ನೀನೇ ನೋಡು. ನಿಂದೇ ಆಸ್ಪತ್ರೇದು."

ತಿರುಗಿಸಿದೆ. ನಾನು ಸಾವಿರಾರು ಸಲ ತುಂಬಿದ ಅದೇ ಮೊದಲ ಹಾಳೆ. ಮೇಲೆ ಮೇಷ್ಟ್ರ ಹೆಸರು, ವಯಸ್ಸು ಐವತ್ತೇಳು. ಕೆಳಗೆ ರೋಗನಿರ್ಣಯ ಎಂಬ ಚೌಕದಲ್ಲಿ ಎಫ್ ಅರವತ್ತೈದು ಪಾಯಿಂಟ್ ಎರಡು.

ಆ ಕೋಡ್ ಏನೆಂದು ಹೇಳುತ್ತೇನೆ ಕೇಳಿ. ಗುರುತಿಲ್ಲದವರ ಮುಂದೆ ಬೇಕೆಂದೇ ಬಟ್ಟೆ ಬಿಚ್ಚಿ, ಅವರು ಬೆಚ್ಚಿಬೀಳುವುದರಲ್ಲೇ ಕಾಮಸುಖ ಕಾಣುವ ಕಾಯಿಲೆ ಅದು. ನನ್ನ ಸರ್ವೀಸಿನಲ್ಲಿ ಅದನ್ನು ಬರೆದದ್ದು ಹನ್ನೊಂದು ಸಲ ಇರಬಹುದು. ಪ್ರತಿ ಸಲವೂ ಎರಡೆರಡು ಬಾರಿ ಫೈಲ್ ಓದಿ, ಕೈ ತಡೆದು ತಡೆದು ಬರೆದಿದ್ದೇನೆ. ಯಾಕೆಂದರೆ ಅದು ನೆಗಡಿ ಅಲ್ಲ, ವಾರದಲ್ಲಿ ಬಿಟ್ಟುಹೋಗಲಿಕ್ಕೆ. ಆ ಕಾಯಿಲೆ ನಿಜವಾಗಿ ಇರುವವರಿಗೂ ಆ ಹಾಳೆ ಇರುವುದು ಚಿಕಿತ್ಸೆಗೆ, ಹಣೆಗೆ ಅಂಟಿಸಿಕೊಂಡು ತಿರುಗಲಿಕ್ಕಲ್ಲ.

"ಏನೇ ಇದು?" ಎಂದೆ.

ತಂಗಿ ಹೇಳಿದಳು. ಐದು ವಾರದ ಹಿಂದೆ ಶಾಲೆ ಬಿಟ್ಟು ಬರುವಾಗ ಮೇಷ್ಟ್ರು ಬಸ್ ಸ್ಟಾಪಿನಲ್ಲಿ ನಿಂತಿದ್ದರಂತೆ. ನಿಂತವರು ಇದ್ದಕ್ಕಿದ್ದಂತೆ ಅಂಗಿಯ ಗುಂಡಿ ಬಿಚ್ಚಿದರು, ಆಮೇಲೆ ಪ್ಯಾಂಟು. ಹೆಂಗಸರು ಕಿರುಚಿದರು. ಯಾರೋ ಕಪಾಳಕ್ಕೆ ಹೊಡೆದರು. ಪೊಲೀಸರು ಬಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದರು. ಇವರಿಗೆ ಒಂದೂ ನೆನಪಿಲ್ಲ. ಬಸ್ಸಿಗೆ ಕಾಯುತ್ತಿದ್ದದ್ದು ನೆನಪಿದೆ, ಆಮೇಲೆ ಮಂಚದ ಮೇಲೆ ತುಟಿ ಊದಿಸಿಕೊಂಡು ಎದ್ದದ್ದು ನೆನಪಿದೆ.

"ತಲೆ ಸುತ್ತಿ ಬಿದ್ರು ಅಂತ ನನಗೆ ಹೇಳಿದ್ದೆ ನೀನು!"

"ಮತ್ತೆ ಇನ್ನೇನನ್ಲಿ? ನನ್ನ ಗಂಡ ಬೀದೀಲಿ ಬೆತ್ತಲೆ ನಿಂತಿದ್ರು ಅನ್ಲಾ?"

ಶಾಲೆಯವರು ಆಸ್ಪತ್ರೆಗೆ ಬರೆದು ಕೇಳಿದ್ದು ಇಷ್ಟೇ, ಇವರು ಕೆಲಸಕ್ಕೆ ಬರಬಹುದೋ ಇಲ್ಲವೋ. ಆಸ್ಪತ್ರೆಯವರು ಕಳಿಸಿದ್ದು ಮೊದಲ ಹಾಳೆಯ ನಕಲು! ನನ್ನ ಕಾಲದಲ್ಲಿ ಹಾಗೆ ಕಳಿಸಿದವನ ಕೈ ಮುರಿಯುತ್ತಿದ್ದೆ. ಅದರದೇ ಒಂದು ಪ್ರತಿಯನ್ನು ಶಾಲೆಯವರು ಮೇಷ್ಟ್ರ ಕೈಗೂ ಕೊಟ್ಟಿದ್ದರು. ಈಗ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯ ಸಮಿತಿ ಕೂರುತ್ತದೆ. ಮೇಷ್ಟ್ರು ತಾವಾಗಿ ರಾಜೀನಾಮೆ ಬರೆದುಕೊಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕೊಡದಿದ್ದರೆ ಎಲ್ಲ ಪೋಷಕರಿಗೂ ತಿಳಿಸಬೇಕಾಗುತ್ತದೆ ಎಂದು ಹೆಡ್‌ಮಿಸ್ ಹೇಳಿದ್ದಾರೆ. ಪತ್ರ ಆಗಲೇ ಬರೆದಾಗಿದೆ. ಹಲ್ಲುಪುಡಿ ಡಬ್ಬಿಯ ಕೆಳಗೆ ಮಡಚಿಟ್ಟಿದ್ದರು.

ನಾನು ಒಳಗೆ ಹೋದೆ.

"ಮೇಷ್ಟ್ರೇ, ಈ ಪತ್ರ ಯಾಕೆ ಬರೆದ್ರಿ?"

ಅವರು ತಲೆ ಎತ್ತಲಿಲ್ಲ. "ಅತ್ತಿಗೆ, ದೊಡ್ಡ ದೊಡ್ಡ ಡಾಕ್ಟ್ರು ಬರೆದಿದಾರೆ. ಕಾಗದದಲ್ಲಿ ಇದೆ ಅಂದ್ಮೇಲೆ ನನ್ನೊಳಗೂ ಇರ್ಬೇಕಲ್ವಾ? ನನಗೇ ಗೊತ್ತಿಲ್ದೆ ನಾನು ಅಂಥೋನು ಇರ್ಬೇಕು. ಮಕ್ಕಳ ಜೊತೆ ಇರೋ ಕೆಲಸ. ಬೇಡ."

ಐವತ್ತೇಳು ವರ್ಷ ತನ್ನನ್ನು ತಾನು ಬಲ್ಲ ಮನುಷ್ಯ, ಒಂದು ಹಾಳೆ ನೋಡಿ ತನ್ನನ್ನೇ ಬಿಟ್ಟುಕೊಟ್ಟಿದ್ದ.

ಆಗ ಮರಳು ಕಾಗದದ ಸದ್ದು ನಿಂತಿತು. ಮೇಷ್ಟ್ರು ಗೋಡೆ ನೋಡುತ್ತಿದ್ದರು. ತುಟಿ ಚಪ್ಪರಿಸತೊಡಗಿದರು, ಬಾಯಲ್ಲಿ ಏನೋ ಇದೆಯೆಂಬಂತೆ. ಬಲಗೈ ಎದೆಯ ಮೇಲೆ ಹೋಯಿತು, ಮೇಲಿನ ಗುಂಡಿಯನ್ನು ಹಿಡಿದು ತಿರುಚಿತು. ಒಂದು ಬಿಚ್ಚಿತು. ಎರಡನೆಯದಕ್ಕೆ ಹೋಯಿತು.

"ಮೇಷ್ಟ್ರೇ? ಮೇಷ್ಟ್ರೇ!"

ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಂಗಿ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. "ನೋಡಿದ್ಯಾ? ನಿನ್ನ ಮುಂದೆನೂ ಶುರು. ನಾಚಿಕೆ ಅನ್ನೋದೇ ಹೋಗಿದೆ" ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಕಿಟಕಿಗಳೆಲ್ಲ ಯಾಕೆ ಮುಚ್ಚಿದ್ದವು ಎಂದು ಆಗ ತಿಳಿಯಿತು.

ನಾನು ಡಾಕ್ಟರಲ್ಲ. ಆದರೆ ತುಟಿ ಚಪ್ಪರಿಸುವುದು, ಗುಂಡಿ ತಿರುಚುವುದು, ಕರೆದರೆ ಓಗೊಡದಿರುವುದು, ಆಮೇಲೆ ಮಂಕು ಹಿಡಿದು ನಿದ್ದೆ ಹೋಗುವುದು, ಈ ನಾಲ್ಕು ಮಾತನ್ನು ಒಂದೇ ಹಾಳೆಯಲ್ಲಿ ನಾನು ಎಷ್ಟು ಸಲ ಓದಿದ್ದೇನೆ! ಅದಕ್ಕೆ ಇರುವ ಕೋಡ್ ಎಫ್ ಅಲ್ಲ, ಜಿ ನಲವತ್ತು. ಅದು ಫಿಟ್ಸ್. ಕೈಕಾಲು ಬಡಿದುಕೊಂಡು ಬೀಳುವ ಫಿಟ್ಸ್ ಮಾತ್ರ ಜನಕ್ಕೆ ಗೊತ್ತು. ನಿಂತಲ್ಲೇ ನಿಂತು ಅಂಗಿ ಬಿಚ್ಚಿಸುವ ಫಿಟ್ಸೂ ಇದೆ. ಗಡಿಯಾರ ನೋಡಿದೆ. ಮೂರು ನಿಮಿಷಕ್ಕೆ ಕೈ ನಿಂತಿತು. ಇನ್ನೊಂದೈದು ನಿಮಿಷ ಮೇಷ್ಟ್ರು ನನ್ನನ್ನೇ ಗುರುತಿಸದೆ ನೋಡಿದರು. ಆಮೇಲೆ ತಮ್ಮ ಎದೆ ನೋಡಿಕೊಂಡು, ಗುಂಡಿ ಹಾಕಿಕೊಂಡು, ಅತ್ತುಬಿಟ್ಟರು.

"ನಾಳೆ ಎಂಟು ಗಂಟೆಗೆ ರೆಡಿ ಇರಿ" ಎಂದೆ. "ನಿಮ್ಮ ಫೈಲು ನೀವು ಕೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ ಅಷ್ಟೆ."

ಪಕ್ಕದಲ್ಲಿ ಸುಮ್ಮನೆ ನಿಲ್ಲುವ ಜನ್ಮ ನನ್ನದಲ್ಲವೆಂದು ಅವರಿಗೂ ಗೊತ್ತು.

ಬುಧವಾರ ರೆಕಾರ್ಡ್ ರೂಮಿಗೆ ಹೋದೆವು. ಅದೇ ಟ್ಯೂಬ್‌ಲೈಟಿನ ಗುಂಯ್ ಸದ್ದು, ಅದೇ ಹಳೆ ಕಾಗದದ ವಾಸನೆ. ನನ್ನ ಕುರ್ಚಿಯಲ್ಲಿ ಈಗ ಮಿಂಚು ಕೂರುತ್ತಾಳೆ. ಒಂಬತ್ತು ವರ್ಷ ನಾನೇ ಕಲಿಸಿದವಳು. ಎರಡು ಮಕ್ಕಳ ತಾಯಿ, ಕೀಲಿಮಣೆಯ ಮೇಲೆ ಅವಳ ಬೆರಳು ಕಾಣುತ್ತಲೇ ಇರಲಿಲ್ಲ, ಅದಕ್ಕೇ ನಾನು ಇಟ್ಟ ಹೆಸರು ಅದು.

"ಅಯ್ಯೋ ಮೇಡಂ! ಬನ್ನಿ ಬನ್ನಿ! ದಪ್ಪ ಆಗಿದೀರ."

"ಕೂತು ತಿಂದ್ರೆ ಇನ್ನೇನಾಗುತ್ತೆ. ಇವರು ನಮ್ಮ ಮೇಷ್ಟ್ರು. ಅವರ ಫೈಲು ಬೇಕಂತೆ, ಅರ್ಜಿ ಬರೆದು ತಂದಿದಾರೆ."

ಫೈಲು ತೆಳ್ಳಗಿತ್ತು. ಒಂದೊಂದೇ ಹಾಳೆ ತಿರುಗಿಸಿದೆ. ತುರ್ತು ವಿಭಾಗದ ಡಾಕ್ಟರ್ ಬರೆದಿದ್ದರು: 'ಸಾರ್ವಜನಿಕ ಸ್ಥಳದಲ್ಲಿ ಬಟ್ಟೆ ಬಿಚ್ಚಿದ್ದಾರೆ ಎಂದು ಪೊಲೀಸರ ಹೇಳಿಕೆ. ರೋಗಿಗೆ ನೆನಪಿಲ್ಲ. ಲೈಂಗಿಕ ವಿಕಾರ ಇದೆಯೇ ಎಂದು ನೋಡಬೇಕು. ಮನೋವೈದ್ಯರ ಅಭಿಪ್ರಾಯ ಬೇಕು.' ನೋಡಬೇಕು ಎಂದು ಬರೆದಿದ್ದಾರೆ, ಇದೆ ಎಂದು ಬರೆದಿಲ್ಲ. ಮುಂದಿನ ಹಾಳೆ ನರ್ಸಿನದು. ಗುಂಡುಗುಂಡು ಅಕ್ಷರ: 'ಆರೂ ಇಪ್ಪತ್ತಕ್ಕೆ ತುಟಿ ಚಪ್ಪರಿಸಿದರು. ಹೊದಿಕೆಯ ಅಂಚನ್ನು ಕೈಯಿಂದ ಕೀಳುತ್ತಿದ್ದರು. ಕರೆದರೆ ಉತ್ತರವಿಲ್ಲ. ಹಾಸಿಗೆ ಒದ್ದೆಯಾಗಿದೆ. ನಂತರ ನಿದ್ದೆ.' ಆ ಪುಣ್ಯಾತ್ಗಿತ್ತಿ ಕಣ್ಣಾರೆ ಕಂಡು ಇಡೀ ಕಾಯಿಲೆಯನ್ನು ಬರೆದಿಟ್ಟಿದ್ದಳು. ಅದನ್ನು ಓದಿದವರು ಯಾರೂ ಇಲ್ಲ. ನರ್ಸಿನ ಹಾಳೆಯನ್ನು ಯಾರು ಓದುತ್ತಾರೆ?

ಮೂರನೆಯದು ಮನೋವೈದ್ಯರ ಹಾಳೆ, ಹತ್ತು ದಿನ ಕಳೆದು ಬರೆದದ್ದು. ಅಷ್ಟರಲ್ಲಿ ಮೊದಲ ಹಾಳೆಗೆ ಕೋಡ್ ಬಿದ್ದಾಗಿತ್ತು. ಅವರು ಶುರು ಮಾಡಿದ್ದೇ 'ಈಗಾಗಲೇ ಗುರುತಿಸಲಾದ ಲೈಂಗಿಕ ವಿಕಾರ' ಎಂದು. ಗುರುತಿಸಿದವರು ಯಾರು ಸ್ವಾಮಿ? ಆರು ತಿಂಗಳಾದರೂ ಇರಬೇಕು, ಮತ್ತೆ ಮತ್ತೆ ಆಗಿರಬೇಕು, ಆಸೆ ಇರಬೇಕು, ರೋಗಿಯನ್ನು ಕೂರಿಸಿ ಕೇಳಿರಬೇಕು. ಪುಸ್ತಕ ಇಷ್ಟನ್ನು ಕೇಳುತ್ತದೆ. ಇಲ್ಲಿದ್ದದ್ದು ಬಸ್ ಸ್ಟಾಪಿನ ಕೆಲವೇ ನಿಮಿಷ. ಡಾಕ್ಟರು ನೋಡಬೇಕು ಎಂದರು, ಕೋಡ್ ಹಾಕಿದವರು ಇದೆ ಎಂದರು, ಆ ಕೋಡ್ ನೋಡಿ ಇವರು ಮಾತ್ರೆ ಬರೆದರು. ಮೂವರೂ ಒಬ್ಬರ ಬೆನ್ನು ಒಬ್ಬರು ನೋಡುತ್ತಾ ನಡೆದರು, ಮೇಷ್ಟ್ರ ಮುಖವನ್ನು ಒಬ್ಬರೂ ನೋಡಲಿಲ್ಲ.

"ಯಾವ ಮಹಾನುಭಾವರು ಈ ಕೋಡ್ ಹಾಕಿದ್ದು?" ಎಂದು ಮೊದಲ ಹಾಳೆಯ ಕೆಳತುದಿ ನೋಡಿದೆ. ಕೋಡ್ ಹಾಕಿದವರ ನಂಬರ್ ಅಲ್ಲಿ ತಾನಾಗಿ ಮೂಡುತ್ತದೆ.

ಸೊನ್ನೆ ನಾಲ್ಕು ಒಂದು ಏಳು.

ಆ ನಂಬರನ್ನು ಮೂವತ್ತೊಂದು ವರ್ಷ ದಿನಕ್ಕೆ ಐವತ್ತು ಸಲ ನೋಡಿದ್ದೇನೆ. ಅದು ನನ್ನದು.

ಮಿಂಚುವಿನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತ್ತು.

"ಈ ತಾರೀಖು ನಾನೆಲ್ಲಿದ್ದೆ ಗೊತ್ತೇನೇ? ಮನೇಲಿ ದವಡೆ ಹಲ್ಲು ಕೀಳಿಸ್ಕೊಂಡು ಬಾಯಿಗೆ ಹತ್ತಿ ತುರುಕ್ಕೊಂಡು ಮಲಗಿದ್ದೆ! ನನ್ನ ನಂಬರ್ ಇಲ್ಲಿ ದುಡೀತಾ ಇದೆ?"

"ಮೇಡಂ, ಮೆಲ್ಲಗೆ... ನೀವೇ ಕೊಟ್ಟು ಹೋಗಿದ್ರಲ್ಲ."

ಹೌದು. ಕೊಟ್ಟದ್ದು ನಾನೇ. ಇದನ್ನು ಮುಚ್ಚಿಡುವುದಿಲ್ಲ. ಅನುಮಾನದ ಫೈಲುಗಳಿಗೆ ಹಳದಿ ಚೀಟಿ ಅಂಟಿಸಿ ಡಾಕ್ಟರಿಗೆ ವಾಪಸ್ ಕಳಿಸುವುದು ನಮ್ಮ ಪದ್ಧತಿ. 'ಇದು ಖಚಿತವೋ, ಅನುಮಾನವೋ, ಬರೆದು ತಿಳಿಸಿ' ಎಂದು. ಉತ್ತರ ಬರುವವರೆಗೆ ಫೈಲ್ ಮುಚ್ಚುವಂತಿಲ್ಲ. ಉತ್ತರ ಬರದೆಯೂ ಮುಚ್ಚುವ ಅಧಿಕಾರ ಇದ್ದದ್ದು ಹಿರಿಯಳಾದ ನನ್ನ ನಂಬರಿಗೆ ಮಾತ್ರ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು, ಹೊಗಳಿಕೆ ಕೇಳಿ ಉಬ್ಬಿ, ನನ್ನ ಪಾಸ್‌ವರ್ಡ್ ಬರೆದ ಚೀಟಿಯನ್ನು ಕೀಲಿಮಣೆಯ ಕೆಳಗೆ ಅಂಟಿಸಿದ್ದೆ. "ಅರ್ಜೆಂಟ್ ಇದ್ರೆ ನಂಬರಮ್ಮ ನಿಮ್ಮ ಜೊತೆಗಿರ್ತಾಳೆ" ಎಂದು ದೊಡ್ಡಸ್ತಿಕೆಯಲ್ಲಿ ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

"ಚೀಟಿ ಯಾಕೆ ಕಳಿಸ್ಲಿಲ್ಲ?" ಎಂದೆ.

ಮಿಂಚು ಗೋಡೆಯ ಕಡೆ ಕೈ ತೋರಿಸಿದಳು. ಆಡಳಿತದವರ ಸುತ್ತೋಲೆ ಅಂಟಿಸಿತ್ತು. ಹಳದಿ ಚೀಟಿಗಳಿಂದ ಫೈಲುಗಳು ತಡವಾಗುತ್ತಿವೆ. ಇನ್ನು ಮುಂದೆ ಚೀಟಿ ಕಳಿಸಿದವರ ಹೆಸರನ್ನು ತಿಂಗಳ ವರದಿಯಲ್ಲಿ ಸೇರಿಸಲಾಗುವುದು. ದಿನಕ್ಕೆ ಎಪ್ಪತ್ತು ಫೈಲು.

"ಎಪ್ಪತ್ತು ಮೇಡಂ! ಊಟಕ್ಕೆ ಎದ್ರೆ ಮೂರು ಹಿಂದೆ ಬೀಳುತ್ತೆ. ಕೋಡ್ ಹಾಕ್ದೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಡಾಕ್ಟ್ರು ವಿಕಾರ ಅಂತ ಬರ್ದಿದ್ರು, ಆ ಪದಕ್ಕೆ ಬಂದ ಕೋಡ್ ಒತ್ತಿದೆ."

"ಲಕ್ಷಣದ ಕೋಡ್ ಇರ್ಲಿಲ್ವಾ? ಆರ್ ನಲವತ್ತಾರು ಪಾಯಿಂಟ್ ಎರಡು. ವಿಚಿತ್ರವಾದ, ವಿವರಿಸಲಾಗದ ನಡವಳಿಕೆ. ಖಚಿತ ಆಗೋವರೆಗೂ ಲಕ್ಷಣಾನೇ ಬರೀಬೇಕು ಅಂತ ನಿನ್ನ ತಲೆಗೆ ಮೊಟಕಿ ಮೊಟಕಿ ಹೇಳಿಲ್ವಾ ನಾನು?"

"ಹೇಳಿದ್ರಿ." ಅವಳ ಕಣ್ಣು ತುಂಬಿತು. ಆಮೇಲೆ ದನಿ ತಗ್ಗಿಸಿದಳು. "ಮೇಡಂ, ಒಂದ್ನಿಮಿಷ ಕೂತ್ಕೊಳಿ. ಈಗ್ಲೇ ನಿಮ್ಮ ನಂಬರಲ್ಲೇ ಒಳಗೆ ಹೋಗಿ ಆ ಕೋಡ್ ತೆಗೆದು ಹಾಕ್ತೀನಿ. ಗುರುತೂ ಉಳಿಯಲ್ಲ. ಹೊಸ ಹಾಳೆ ತಗೊಂಡು ಹೋಗಿ. ಯಾರಿಗೂ ಗೊತ್ತಾಗಲ್ಲ."

ಹೇಳಿಬಿಡುತ್ತೇನೆ, ನನಗೆ ಆಸೆಯಾಯಿತು. ಒಂದು ಗುಂಡಿ ಒತ್ತಿದರೆ ಮುಗಿಯಿತು. ನನ್ನ ಹೆಸರು ಕೆಡುವುದಿಲ್ಲ, ಇವಳ ಕೆಲಸಕ್ಕೆ ಕುತ್ತಿಲ್ಲ. ಮೇಷ್ಟ್ರು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಬೆಂಚಿನ ಸಡಿಲವಾದ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು.

"ಶಾಲೇಲಿರೋ ನಕಲು?" ಎಂದೆ.

ಮಿಂಚು ಕೀಲಿಮಣೆಯಿಂದ ಕೈ ತೆಗೆದಳು.

"ಶುಕ್ರವಾರ ಆ ಹೆಡ್‌ಮಿಸ್ ಮುಂದೆ ಎರಡು ಹಾಳೆ ಇರುತ್ತೆ. ಒಂದರಲ್ಲಿ ಇದೆ, ಒಂದರಲ್ಲಿ ಇಲ್ಲ. ನಡುವೆ ಏನಾಯ್ತು ಅಂತ ಹೇಳೋ ಸಾಲೊಂದೂ ಇರಲ್ಲ. ಅವರೇನಂತಾರೆ? ಮೇಷ್ಟ್ರ ಹೆಂಡ್ತಿ ಅಕ್ಕ ಆಸ್ಪತ್ರೇಲಿದ್ಲು, ಒಳಗೊಳಗೇ ತೆಗೆಸಿದ್ಲು ಅಂತಾರೆ. ಆಗ ಇವರು ಸಾಯೋವರೆಗೂ ಅಂಥೋರೇ. ಬೇಡ. ತಪ್ಪಾಗಿತ್ತು ಅಂತ ಆಸ್ಪತ್ರೆನೇ ಬರೆದು ಕೊಡ್ಬೇಕು. ತಿದ್ದುಪಡಿ ಅರ್ಜಿ ತೆಗಿ."

"ಆ ಅರ್ಜೀಗೆ ಕೋಡ್ ಹಾಕ್ದವರೇ ಸಹಿ ಮಾಡ್ಬೇಕು ಮೇಡಂ."

"ಕೋಡ್ ಹಾಕ್ದವರು ಯಾರು? ಸೊನ್ನೆ ನಾಲ್ಕು ಒಂದು ಏಳು. ಬಂದಿದೀನಲ್ಲ, ತೆಗಿ!"

ಅರ್ಜಿಯ ಜೊತೆಗೆ ಡಾಕ್ಟರ ಸಹಿಯೂ ಬೇಕು. ಮೇಷ್ಟ್ರನ್ನು ಕರೆದುಕೊಂಡು ಮೇಲಿನ ತುರ್ತು ವಿಭಾಗಕ್ಕೆ ಹೋದೆ. ಆ ಡಾಕ್ಟರಮ್ಮ ಕೂದಲ ಗಂಟಿಗೆ ಪೆನ್ನು ಚುಚ್ಚಿಕೊಂಡು ನಿಂತಲ್ಲೇ ಬಿಸ್ಕತ್ತು ತಿನ್ನುತ್ತಿದ್ದರು.

"ನಾನು ಖಚಿತ ಅಂತ ಬರೀಲೇ ಇಲ್ವಲ್ಲ" ಎಂದರು. "ನೋಡಬೇಕು ಅಂತ ಬರೆದೆ."

"ನೋಡಬೇಕು ಅಂತ ಬರೆದ್ರಿ ತಾಯಿ, ಸರಿ. ಆಮೇಲೆ ಯಾರೂ ನೋಡಲಿಲ್ಲ, ನೀವೂ ಸೇರಿ. ಈ ಹಾಳೇನಾದ್ರೂ ಈಗ ನೋಡಿ."

ನರ್ಸಿನ ಹಾಳೆಯನ್ನು ಅವರ ಕೈಗಿಟ್ಟೆ. ಓದುತ್ತಾ ಓದುತ್ತಾ ಬಿಸ್ಕತ್ತು ಅಗಿಯುವುದು ನಿಂತಿತು. ಮೇಷ್ಟ್ರನ್ನು ಕೂರಿಸಿದರು. ಕಾಲು ಗಂಟೆ ಕೇಳಿದರು. ಐದು ವಾರದಲ್ಲಿ ಮೊದಲ ಸಲ ಯಾರೋ ಅವರನ್ನು ನೀವು ಏನು ಮಾಡಿದಿರಿ ಎಂದು ಕೇಳದೆ ನಿಮಗೆ ಏನಾಗುತ್ತದೆ ಎಂದು ಕೇಳಿದ್ದು. ಆಗುವ ಮುಂಚೆ ಏನಾದರೂ ಗೊತ್ತಾಗುತ್ತದೆಯೇ ಎಂದಾಗ ಮೇಷ್ಟ್ರು, "ಹೊಟ್ಟೆಯಿಂದ ಏನೋ ಮೇಲಕ್ಕೆ ಏರಿದ ಹಾಗಾಗುತ್ತೆ ಡಾಕ್ಟ್ರೇ, ಸುಟ್ಟ ಮರದ ವಾಸನೆ ಬರುತ್ತೆ. ಗರಗಸದ್ದೇನೋ ಅಂದ್ಕೊಂಡಿದ್ದೆ" ಎಂದರು. ಡಾಕ್ಟರಮ್ಮ ತಲೆಯ ಮೇಲಿನ ಪೆನ್ನು ಎಳೆದು ಬರೆಯತೊಡಗಿದರು. ಎದ್ದು ಹೊರಡುವಾಗ ಮೇಷ್ಟ್ರ ಕೈ ಹಿಡಿದುಕೊಂಡು, "ಕ್ಷಮಿಸಿ ಸರ್" ಎಂದರು. ಒಳ್ಳೆಯ ಹುಡುಗಿ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಕ್ಷಮೆ ಕೇಳಲಿಕ್ಕೆ ಒಂದು ನಿಮಿಷ ಸಾಕಾಯಿತು, ಆ ಹಾಳೆ ಓದಲಿಕ್ಕೂ ಒಂದೇ ನಿಮಿಷ ಸಾಕಿತ್ತು.

ಗುರುವಾರ ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ನರರೋಗದ ಡಾಕ್ಟರು ಆ ಉದ್ದನೆಯ ಕಾಗದದ ಗೆರೆಗಳನ್ನು ತೋರಿಸಿ, ತಲೆಯ ಬಲಪಕ್ಕದಿಂದ ಫಿಟ್ಸ್ ಏಳುತ್ತಿದೆ ಎಂದರು. ಇಷ್ಟು ದಿನ ನುಂಗಿದ ಮಾತ್ರೆ ಏನೆಂದು ಕೇಳಿ ಹುಬ್ಬು ಗಂಟು ಹಾಕಿದರು. ಅದು ಫಿಟ್ಸನ್ನು ಹೆಚ್ಚು ಮಾಡಬಹುದಾದ ಮಾತ್ರೆಯಂತೆ! ಕೇಳಿದಿರಾ? ಇಲ್ಲದ ಕಾಯಿಲೆಗೆ ಕೊಟ್ಟ ಮದ್ದು ಇರುವ ಕಾಯಿಲೆಗೆ ಗೊಬ್ಬರ. ಬೀದಿಯಲ್ಲಿ ಒಂದು ಸಲ ಆದದ್ದು ಮನೆಯಲ್ಲಿ ವಾರಕ್ಕೆರಡು ಸಲ ಆಗತೊಡಗಿದ್ದು ಯಾಕೆ ಎಂದು ನನಗಾಗ ಹೊಳೆಯಿತು. ಮನೋವೈದ್ಯರಿಗೆ ಫೋನ್ ಮಾಡಿ ಮಾತಾಡಿ, ಮಾತ್ರೆ ಬದಲಾಯಿಸಿ ಕೊಟ್ಟರು.

ಸಂಜೆ ಕೆಳಗೆ ಹೋಗಿ ಅರ್ಜಿ ಬರೆಯಲು ಕೂತೆ. ತಪ್ಪಿಗೆ ಕಾರಣ ಎಂಬ ಕಡೆ ನಾಲ್ಕೇ ಸಾಲಿನ ಜಾಗ. ಮಿಂಚು ಎದುರಿಗೆ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು.

"ಅಚಾತುರ್ಯ ಅಂತ ಬರೆದುಬಿಡಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ."

"ನೀನು ಬಿದ್ರೆ ಎತ್ತೋ ಶಕ್ತಿ ನನಗಿಲ್ಲ. ನಿಂತ್ಕೋ."

ಅಚಾತುರ್ಯ ಎಂದು ಬರೆದರೆ ತಪ್ಪು ನನ್ನೊಬ್ಬಳದಾಗುತ್ತದೆ. ಇವಳು ಬಚಾವು, ಆಡಳಿತ ಬಚಾವು, ನಾಳೆ ಇನ್ನೊಬ್ಬ ಮೇಷ್ಟ್ರು ಗ್ಯಾರಂಟಿ. ಇವಳೊಬ್ಬಳ ಹೆಸರು ಬರೆದರೆ ಇವಳ ಕೆಲಸ ಹೋಗಿ ಸುತ್ತೋಲೆ ಗೋಡೆಯ ಮೇಲೆ ಹಾಗೇ ನಗುತ್ತಿರುತ್ತದೆ. ನಾಲ್ಕು ಸಾಲು ಸಾಲದೆ ಹಾಳೆಯ ಹಿಂದಕ್ಕೂ ಬರೆದೆ. ನಿವೃತ್ತಳಾದ ನಾನು ನನ್ನ ಪಾಸ್‌ವರ್ಡನ್ನು ಬಿಟ್ಟುಹೋದದ್ದು ಮೊದಲ ತಪ್ಪು. ಅದನ್ನು ಬಳಸಿ ಡಾಕ್ಟರನ್ನು ಕೇಳದೆ ಫೈಲ್ ಮುಚ್ಚಿದ್ದು ಎರಡನೆಯದು. ಕೇಳಬೇಡಿ ಎಂದು ಸುತ್ತೋಲೆ ಹೊರಡಿಸಿದ್ದು ಮೂರನೆಯದು, ಅದರ ಪ್ರತಿ ಲಗತ್ತಿಸಲಾಗಿದೆ. ಖಚಿತವಾಗದ ಕಾಯಿಲೆಯನ್ನು ಖಚಿತವೆಂದು ಬರೆದು ಒಬ್ಬ ನಿರಪರಾಧಿಯ ಮರ್ಯಾದೆ ತೆಗೆಯಲಾಗಿದೆ. ನಾನು ಸಹಿ ಹಾಕಿ ಪೆನ್ನನ್ನು ಮಿಂಚುವಿನ ಕಡೆ ಚಾಚಿದೆ.

"ನಾನಾ?"

"ಎರಡನೇ ತಪ್ಪು ಯಾರದು? ಹಾಕು. ಮೂವರ ತಪ್ಪೂ ಬರೆದಿದ್ರೆ ಒಬ್ಬರ ಕುತ್ತಿಗೆ ಹಿಡಿಯಕ್ಕೆ ಅವರಿಗೂ ಕಷ್ಟ."

ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ ಗೋಡೆಯ ಸುತ್ತೋಲೆಯನ್ನು ಪಿನ್ನು ಕಿತ್ತು ತಾನೇ ತಂದು, ನಕಲು ತೆಗೆದು, ಅರ್ಜಿಗೆ ಸಿಕ್ಕಿಸಿ ಸಹಿ ಹಾಕಿದಳು. ಎಲ್ಲದರಲ್ಲೂ ಮಿಂಚು, ಅದೊಂದು ಸಹಿಗೆ ಮಾತ್ರ ನಿಧಾನ.

ನಮ್ಮಲ್ಲಿ ತಪ್ಪನ್ನು ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಸಹಿ. ಈ ನಿಯಮವನ್ನು ನಾನು ಹೊಸಬರಿಗೆ ಹೆಮ್ಮೆಯಿಂದ ಕಲಿಸಿದವಳು. ಅವತ್ತು ಆ ಎಫ್ ಅರವತ್ತೈದರ ಮೇಲೆ ಗೆರೆ ಎಳೆಯುವಾಗ ಪೆನ್ನು ಹಾಳೆ ಹರಿಯುವಷ್ಟು ಒತ್ತಿದೆ. ಆದರೂ ಓದಲು ಬರುತ್ತಿತ್ತು. ಪಕ್ಕದಲ್ಲಿ ಜಿ ನಲವತ್ತು ಬರೆದೆ. ಹೊರಡುವ ಮುಂಚೆ ಕೀಲಿಮಣೆ ಮಗುಚಿ ನನ್ನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ.

ಶುಕ್ರವಾರ ಹನ್ನೊಂದಕ್ಕೆ ಶಾಲೆಯಲ್ಲಿ ಐದು ಜನ ಉದ್ದ ಮೇಜಿನ ಆಚೆ ಕೂತಿದ್ದರು. ಮೇಜು ಮೇಷ್ಟ್ರು ಮಾಡಿದ್ದೇ. ಈಚೆ ಮೇಷ್ಟ್ರು, ಅವರ ಪಕ್ಕ ಮುಖ ಬಾಡಿಸಿಕೊಂಡ ನನ್ನ ತಂಗಿ, ಅವಳ ಪಕ್ಕ ನಾನು. ಹೆಡ್‌ಮಿಸ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡರು.

"ನಮಗೆ ಗೊಂದಲ ಆಗಿದೆ" ಎಂದರು. "ಯಾವುದನ್ನ ನಂಬಬೇಕು ನಾವು?"

"ಗೆರೆ ಎಳೆದಿರೋದನ್ನ ನಂಬಿ" ಎಂದೆ. "ಮೊದಲನೇದರಲ್ಲಿ ಯಾರ ಸಹಿನೂ ಇಲ್ಲ, ಬರೀ ಒಂದು ನಂಬರ್ ಇದೆ. ಎರಡನೇದರಲ್ಲಿ ಡಾಕ್ಟ್ರ ಸಹಿ ಇದೆ, ತಪ್ಪು ಮಾಡಿದವರ ಸಹಿ ಇದೆ. ಆ ನಂಬರ್ ನನ್ನದು. ಮೇಡಂ, ಇನ್ನೊಂದು ಮಾತು. ನೀವು ಕೇಳಬೇಕಾಗಿದ್ದು ಇವರು ಕೆಲಸ ಮಾಡಬಹುದಾ ಅಂತ ಮಾತ್ರ. ಕಾಯಿಲೆ ಹಾಳೆ ನಿಮ್ಮ ಕೈಗೆ ಬಂದಾಗಲೇ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ, ಐದು ಜನ ಕೂತು ಓದಿದ್ರಿ. ಇಪ್ಪತ್ತಾರು ವರ್ಷದಿಂದ ನೋಡ್ತಿರೋ ಮನುಷ್ಯನಿಗಿಂತ ಆ ಹಾಳೆ ನಿಮಗೆ ಹೆಚ್ಚಾಯ್ತು."

"ಅಕ್ಕಾ, ಸಾಕು" ಎಂದು ತಂಗಿ ನನ್ನ ತೊಡೆ ಚಿವುಟಿದಳು.

"ಸಾಕಾಗಿಲ್ಲ ಸುಮ್ನಿರೇ! ನಿನಗೂ ಹೆಚ್ಚಾಯ್ತು, ಕಿಟಕಿ ಮುಚ್ಚಿದೆ!"

ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರೂ ಹೆದರಿದ ಮನುಷ್ಯರೇ, ನಾಳೆ ನೂರು ಪೋಷಕರಿಗೆ ಉತ್ತರ ಹೇಳಬೇಕಾದವರು. ಆಚೆ ಕೂತ ನಾಲ್ವರೊಡನೆ ಮೆಲ್ಲಗೆ ಮಾತಾಡಿದರು. ಮೊದಲ ಹಾಳೆಯನ್ನು ಲಕೋಟೆಗೆ ಹಾಕಿ ಅಂಟಿಸಿ, ನಮ್ಮೆದುರೇ ಆಸ್ಪತ್ರೆಯ ವಿಳಾಸ ಬರೆಸಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಸರ್, ಸೋಮವಾರದಿಂದ ಬನ್ನಿ. ಆದ್ರೆ ಫಿಟ್ಸ್ ಅಂತಿದೆ. ಡಾಕ್ಟ್ರು ಹೇಳೋವರೆಗೂ ಯಂತ್ರದ ಗರಗಸ, ಮರ ಕೀಸೋ ತೋಪಡಾ ಯಾವುದೂ ಮುಟ್ಟೋ ಹಾಗಿಲ್ಲ. ತಪ್ಪು ತಿಳ್ಕೋಬೇಡಿ" ಎಂದರು.

ಇಪ್ಪತ್ತಾರು ವರ್ಷ ಕೈಯಲ್ಲಿದ್ದ ಗರಗಸ. ನಾನು ಮತ್ತೆ ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಮೇಷ್ಟ್ರು ಕೈ ಅಡ್ಡ ಹಿಡಿದರು. ಅವರ ಮುಖದಲ್ಲಿ ವಾರಗಳ ನಂತರ ಸಣ್ಣದೊಂದು ನಗು ಕಂಡಿತು.

"ಬಿಡಿ ಅತ್ತಿಗೆ. ಇದು ನನ್ನದೇ ಕಾಯಿಲೆ. ಇದಕ್ಕೆ ಏನು ಬಿಡು ಅಂದ್ರೂ ಬಿಡ್ತೀನಿ. ಮರಳು ಕಾಗದ ಇದೆಯಲ್ಲ."

ಮನೆಗೆ ಬಂದ ಮೇಲೆ ರಾಜೀನಾಮೆ ಪತ್ರವನ್ನು ಹಲ್ಲುಪುಡಿ ಡಬ್ಬಿಯ ಕೆಳಗಿಂದ ತೆಗೆದು ನಾನೇ ಹರಿದೆ. ಮೇಷ್ಟ್ರು ಮತ್ತೆ ಸ್ಟೂಲು ಹಿಡಿದು ಕೂತಿದ್ದರು. ಹೊಸ ಮಾತ್ರೆ ಇನ್ನೂ ಮೈಗೆ ಹತ್ತಿರಲಿಲ್ಲ. ನಾವು ಕಾಫಿ ಕುಡಿಯುತ್ತಿರುವಾಗಲೇ ಅವರು ತುಟಿ ಚಪ್ಪರಿಸತೊಡಗಿದರು, ಕೈ ಗುಂಡಿಗೆ ಹೋಯಿತು.

ತಂಗಿ ಲೋಟ ಕೆಳಗಿಟ್ಟಳು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. ಅಲ್ಲೇ ನಿಂತಳು. ಆಮೇಲೆ ತಿರುಗಿ ಬಂದು, ಪಕ್ಕದಲ್ಲಿದ್ದ ಕತ್ತರಿ, ಉಳಿಗಳನ್ನೆಲ್ಲ ಕಾಲಿನಿಂದ ದೂರ ತಳ್ಳಿ, ಗಂಡನ ಪಕ್ಕ ನೆಲದ ಮೇಲೆ ಕೂತಳು. ಅವರ ಕೈಯನ್ನು ತಡೆಯಲಿಲ್ಲ, ಬಿಗಿಹಿಡಿಯಲಿಲ್ಲ, ತನ್ನ ಸೆರಗನ್ನು ಅವರ ಎದೆಯ ಮೇಲೆ ಹೊದಿಸಿದಳು.

"ಎಷ್ಟು ನಿಮಿಷ ಅಂದ್ಯೇ ಅಕ್ಕಾ?"

"ಮೂರು. ಆಮೇಲೆ ಸ್ವಲ್ಪ ಮಂಕು."

"ಗಡಿಯಾರ ನೋಡ್ತಿರು" ಎಂದಳು. "ಮತ್ತೆ ಆ ಕಿಟಕಿ ತೆಗಿ. ಸೆಕೆ ಅವರಿಗೆ."